ಹರಿಗೋಲು ಇನ್ನೂ ಹೊರಟಿಲ್ಲ

ಮೂವತ್ತೆಂಟನೆಯ ಅಪ್‌ಡೇಟು ಬಂದ ಬೆಳಿಗ್ಗೆ ಬೆಟ್ಟಸ್ವಾಮಿ ಎಂದಿನಂತೆ ಬೆಲ್ಟಿನ ಮುಂದೆ ಕೂತಿದ್ದ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಮ್ಮಿನ ಔಷಧಿ ತುಂಬಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಎಂಟು ಗಂಟೆ ಹೊತ್ತು ಸೀಸೆಗಳನ್ನು ನೋಡುವುದು ಅವನ ಕೆಲಸ. ಲೇಬಲ್ಲು ನೇರವಾಗಿದ್ದರೆ ಬಿಡುವುದು, ಸೊಟ್ಟಗಿದ್ದರೆ ಎತ್ತಿ ಪಕ್ಕದ ಕ್ರೇಟಿಗೆ ಹಾಕುವುದು. ಹದಿನಾರು ವರ್ಷ ಸೊಟ್ಟಗಿರುವುದನ್ನೇ ಹುಡುಕಿ ಹುಡುಕಿ ಅವನ ಕಣ್ಣಿಗೆ ಲೋಕದಲ್ಲಿ ನೇರವಾದದ್ದು ಯಾವುದೂ ಕಾಣದಂತಾಗಿತ್ತು. ಬಸ್ಸಿನ ಬೋರ್ಡು, ಮದುವೆ ಮನೆಯ ತೋರಣ, ಎದುರು ನಿಂತು ಮಾತಾಡುವವರ ಕನ್ನಡಕ, ಹೆಂಡತಿ ಚೈತ್ರಳ ಹಣೆಯ ಬೊಟ್ಟು ಎಲ್ಲವೂ ಒಂದು ಕೂದಲೆಳೆಯಷ್ಟು ಅತ್ತಿತ್ತ. ಏಪ್ರನ್ನಿನ ಒಳಗೆ ಫೋನು ನಡುಗಿತು. ಕೆಲಸದ ಹೊತ್ತಿನಲ್ಲಿ ತೆಗೆಯಬಾರದು; ತೆಗೆದ. ‘ಪ್ರಿಯ ಬೆಂಬಲಿಗರೇ, ಈ ಸಲ ಒಂದು ಸಿಹಿಸುದ್ದಿ. ಹರಿಗೋಲಿಗೆ ಹುಟ್ಟು ಹಾಕುವಾಗ ನೀರಿನ ಮೇಲೆ ಬೀಳುವ ಹುಟ್ಟಿನ ನೆರಳನ್ನು ನಾವು ಸರಿಪಡಿಸಿದ್ದೇವೆ. ಮೊದಲು ನೆರಳು ಹುಟ್ಟಿಗಿಂತ ತುಸು ಮುಂಚೆಯೇ ಅಲುಗುತ್ತಿತ್ತು. ನಿಮ್ಮ ತಾಳ್ಮೆಗೆ ನಾವು ಋಣಿಗಳು.’ ಐದು ತಿಂಗಳ ಮೇಲೆ ಬಂದದ್ದು ಇಷ್ಟು. ಅವನು ಅದನ್ನು ಮೂರು ಸಲ ಓದಿ ಮುಗಿಸುವಷ್ಟರಲ್ಲಿ ಹನ್ನೊಂದು ಸೀಸೆಗಳು ನೋಡುವವರಿಲ್ಲದೆ ಸಾಲಾಗಿ ದಾಟಿ ಹೋಗಿದ್ದವು.

ನಾಲ್ಕು ವರ್ಷದ ಹಿಂದೆ ಮೂವರು ಹುಡುಗರು ಇಂಟರ್ನೆಟ್ಟಿನಲ್ಲಿ ಒಂದು ಮನವಿ ಹಾಕಿದ್ದರು. ನಮ್ಮ ಕಡೆಯ ಹೊಳೆ, ನಮ್ಮ ಕಡೆಯ ಜನ ಇರುವ ಒಂದು ಆಟ ಮಾಡುತ್ತೇವೆ, ಹೆಸರು ‘ಹರಿಗೋಲು’. ಆಡುವವನೇ ಅಂಬಿಗ, ದಡಕ್ಕೆ ಬಂದವರನ್ನು ಕೂರಿಸಿಕೊಂಡು ಆಚೆ ದಡಕ್ಕೆ ಬಿಟ್ಟು ಬರುವುದೇ ಆಟ. ಕೈಲಾದಷ್ಟು ಕೊಡಿ, ಒಂದು ವರ್ಷದಲ್ಲಿ ಮುಗಿಸುತ್ತೇವೆ. ಹೆಚ್ಚು ಕೊಟ್ಟವರು ತಮಗೆ ಬೇಕಾದ ಒಬ್ಬರನ್ನು ಪ್ರಯಾಣಿಕರಾಗಿ ಆಟದೊಳಗೆ ಸೇರಿಸಬಹುದು. ಆಗ ಅವನಿಗೆ ಮೂವತ್ತೇಳು. ಮೀಸೆಯಲ್ಲಿ ನರೆ ಇಣುಕುವ ವಯಸ್ಸಿನಲ್ಲಿ ಗಂಡಸು ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಆಟ ಆಡುತ್ತಾನೆಂದು ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ಆನ್‌ಲೈನಿನಲ್ಲಿ ಏನೋ ಕೋರ್ಸು ಮಾಡುತ್ತಿದ್ದೇನೆ ಎನ್ನುತ್ತಿದ್ದ. ಹೆಚ್ಚು ಕೊಟ್ಟವರಲ್ಲಿ ಅವನೂ ಒಬ್ಬ. ಮೊದಲು ಚೈತ್ರಳನ್ನೇ ಕೇಳಿದ್ದ. “ಇರೋ ಮನೇಲಿ ಇದ್ದು ಸಾಕಾಗದೆ ಅಲ್ಲಿ ಬೇರೆ ಓಗಿ ಇರ್ಬೇಕಾ ನಾನು?” ಎಂದಿದ್ದಳು. ಒಳಗಿನಿಂದ ಅವ್ವ ಜವರಮ್ಮ, “ಏನ್ಲಾ ಅದು, ಟೀವೀನಾ?” ಎಂದು ಕೇಳಿದ್ದಳು. ಪಕ್ಕದ ಮನೆಯ ಮಂಚಮ್ಮ ಹನ್ನೊಂದು ವರ್ಷದ ಹಿಂದೆ ಯಾವುದೋ ಟೀವಿ ಸುದ್ದಿಯಲ್ಲಿ ಜನರ ಗುಂಪಿನ ನಡುವೆ ಎರಡು ಸೆಕೆಂಡು ಕಾಣಿಸಿಕೊಂಡವಳು ಇವತ್ತಿಗೂ ಆ ಮಾತು ಬಿಟ್ಟಿರಲಿಲ್ಲ. ಟೀವಿಗಿಂತ ದೊಡ್ಡದು ಕಣವ್ವ, ಅದರೊಳಗೆ ನೀನು ನಡೀತೀಯ, ಹರಿಗೋಲು ಹತ್ತೀಯ, ಯಾವತ್ತಿಗೂ ಇರ್ತೀಯ ಎಂದು ಅವನೇ ಹೇಳಿದ. ಹಿಂದಿನಿಂದ, ಮುಂದಿನಿಂದ, ಕಿವಿಯ ಪಕ್ಕದಿಂದ, ನಕ್ಕು, ನಗದೆ, ಅರವತ್ತು ಫೋಟೋ ತೆಗೆದ. ಹುಡುಗರು ಬರೆದಿದ್ದ ಸೂಚನೆಯ ಕೊನೆಯಲ್ಲಿ ‘ಮತ್ತೆ ಫೋಟೋ ಬೇಕಾಗಬಹುದು, ಅಲ್ಲಿಯವರೆಗೆ ಚಹರೆ ಬದಲಾಗದಿರಲಿ’ ಎಂದಿತ್ತು. ಅದನ್ನೂ ಓದಿ ಹೇಳಿದ. ಹೇಳಬಾರದಿತ್ತು.

ಈಗ ಅವ್ವನ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಬುಡ ಬಿಟ್ಟು ಜೋತುಬಿದ್ದಿದೆ. ಒಸಡು ಬಾತು, ಎಡಗಡೆ ಕೆನ್ನೆ ಬೋಂಡದ ಹಾಗಾಗಿದೆ. ಹಲ್ಲಿನ ಡಾಕ್ಟರು ನೋಡಿದವರೇ ಕೀಳಬೇಕು ಎಂದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಬಂದಳು. “ಆಟದೊಳಗೆ ಅಲ್ಲು ಇರ್ತದೆ, ಇಲ್ಲಿ ಇರಕಿಲ್ಲ ಅಂದ್ರೆ ಇವ್ಳೇ ಅವ್ಳು ಅಂತ ಯಾರ್ ನಂಬ್ತಾರೆ? ಆ ಮಂಚಿ ನಂಬ್ತಾಳಾ?” ಎಂದಳು. ನಾಲ್ಕು ತಿಂಗಳಿಂದ ರಾಗಿ ಅಂಬಲಿ, ಬಾಳೆಹಣ್ಣು, ಲವಂಗ. ಊಟಕ್ಕೆ ಕೂತಾಗ ಅವ್ವ ಗುಟುಕರಿಸುವ ಸದ್ದು ಕೇಳಿದರೆ ಅವನಿಗೆ ತಟ್ಟೆಯ ಮುದ್ದೆ ಮುರಿಯಲು ಕೈ ಬರುತ್ತಿರಲಿಲ್ಲ. ಫೋಟೋ ಸಾಕಂತೆ, ಮುಗೀತಂತೆ ಎಂದು ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಆದರೆ ಮುಗಿಯಿತು ಎಂದರೆ ಎಲ್ಲಿ ತೋರಿಸು ಎನ್ನುತ್ತಾಳೆ. ಆ ಸಂಜೆ ಷಿಫ್ಟು ಮುಗಿಸಿ, ಸೈಕಲ್ ಸ್ಟ್ಯಾಂಡಿನಲ್ಲಿ ನಿಂತೇ, ‘ಕಪಿಲಾತೀರ’ ಎಂಬ ಹೆಸರಿನಲ್ಲಿ ಅಪ್‌ಡೇಟಿನ ಕೆಳಗೆ ಬರೆದ. ಆ ಹೆಸರು ಯಾರದ್ದೆಂದು ಹೆಂಡತಿಗೂ ಗೊತ್ತಿಲ್ಲ. ಮೊದಮೊದಲು ‘ದಯವಿಟ್ಟು ಬೇಗ ಮುಗಿಸಿ’ ಎನ್ನುತ್ತಿದ್ದ ಕಪಿಲಾತೀರ, ಎರಡನೆಯ ವರ್ಷ ‘ಇದು ಸರಿಯಲ್ಲ’ ಎನ್ನತೊಡಗಿ, ಮೂರನೆಯ ವರ್ಷಕ್ಕೆ ಬೆಟ್ಟಸ್ವಾಮಿ ಬಾಯಿಬಿಟ್ಟು ಎಂದೂ ಆಡದ ಮಾತುಗಳನ್ನು ಸಲೀಸಾಗಿ ಬರೆಯುವಷ್ಟು ಬೆಳೆದಿದ್ದ. ಅವತ್ತು ಬರೆದದ್ದು ಒಂದೇ ಸಾಲು: ‘ನೆರಳು ತಿದ್ದುತ್ತ ಕೂತಿದ್ದೀರಲ್ಲ, ನಿಮಗೇನು ತಾಯಿ ಇಲ್ಲವೇ?’ ಬರೆದು ಕಳಿಸಿ, ಮೈ ಹಗುರಾಗಿ, ದಾರಿಯಲ್ಲಿ ಒಂದು ಟೀ ಕುಡಿದು ಮನೆಗೆ ಹೋದ.

ಈಚೆಗೆ ಐದು ತಿಂಗಳಿಗೊಂದು ಬರುತ್ತಿದ್ದ ಅಪ್‌ಡೇಟು ಈ ಸಲ ಆರೇ ದಿನಕ್ಕೆ ಬಂತು. ‘ಮನೆಯಲ್ಲಿ ಒಂದು ಸಾವಾಗಿದೆ. ಕೆಲಸ ಕೆಲವು ದಿನ ನಿಲ್ಲುತ್ತದೆ. ಕ್ಷಮಿಸಿ.’ ಬೆಲ್ಟು ಓಡುತ್ತಿತ್ತು. ಬೆಟ್ಟಸ್ವಾಮಿ ಒಂದು ಸೀಸೆ ಎತ್ತಿ ಹಿಡಿದವನು ಕೆಳಗಿಡಲೂ ಇಲ್ಲ, ಕ್ರೇಟಿಗೆ ಹಾಕಲೂ ಇಲ್ಲ. ಇನ್ನೆಲ್ಲ ಬಿಟ್ಟು ತಾಯಿಯನ್ನೇ ಯಾಕೆ ಎತ್ತಿದೆ ಎಂದು ತನ್ನನ್ನೇ ಕೇಳಿಕೊಂಡ. ಮಾತಿಗೆ ಸಾಯುವವರುಂಟೇ, ಅದೂ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಬರೆದ ಮಾತಿಗೆ ಎಂದು ಸಮಾಧಾನ ಹೇಳಿಕೊಂಡ. ಬಾಯಲ್ಲಿ ಮಚ್ಚೆ ಇದ್ದವರು ಅಂದದ್ದು ಆಗುತ್ತದೆ ಎನ್ನುತ್ತಾರೆ. ಕಾರ್ಖಾನೆಯ ಕಕ್ಕಸಿಗೆ ಹೋಗಿ ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡ. ಸೂಪರ್‌ವೈಸರ್ ಮಹಾದೇವಸ್ವಾಮಿ ಪಕ್ಕದ ಬಾಗಿಲಿನಿಂದ ಹೊರಬಂದವನು ಇದನ್ನು ನೋಡಿ, ಕೈ ಸಹ ತೊಳೆಯದೆ ಹೊರಟುಹೋದ. ಆಟ ಮಾಡುವವರ ವಿಳಾಸ ಬೆಟ್ಟಸ್ವಾಮಿಯ ಹತ್ತಿರ ಮೊದಲಿನಿಂದಲೂ ಇತ್ತು. ಅವ್ವನ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊರಿಯರ್ ಮಾಡಿದ್ದು ಟಿ. ನರಸೀಪುರದ ಒಂದು ಮನೆಗೆ, ಆ ಮೂವರಲ್ಲಿ ಒಬ್ಬನಾದ ರಘುವಿನ ಹೆಸರಿಗೆ. ಒಂದು ಗಂಟೆಯ ಬಸ್ಸು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಹೋದರೆ ಮುಖ ನೋಡಬೇಕಾಗುತ್ತಿತ್ತು. ಮುಖ ನೋಡಿದ ಮೇಲೆ ಬೈಯಲು ಅವನಿಂದ ಆಗುವುದಿಲ್ಲ.

ಭಾನುವಾರ ಒಂದು ಚಿಪ್ಪು ರಸಬಾಳೆ ಹಿಡಿದು ಹೊರಟ. ಬಸ್ಸಿನಲ್ಲಿ ಹಣ್ಣಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಏನು ಹೇಳುವುದೆಂದು ಯೋಚಿಸಿದ. ನಿಮ್ಮ ತಾಯಿಯವರು ಹೋದದ್ದು ಕೇಳಿ ಬೇಜಾರಾಯಿತು ಎನ್ನಬೇಕು. ಹೇಗೆ ಗೊತ್ತಾಯಿತು ಎಂದರೆ ಅಪ್‌ಡೇಟಿನಲ್ಲಿ ನೋಡಿದೆ ಎನ್ನಬೇಕು. ಸಾವಿನ ಸುದ್ದಿಯನ್ನು ಅಪ್‌ಡೇಟಿನಲ್ಲಿ ಓದಿ ಹಣ್ಣು ಹಿಡಿದು ಬಂದವನನ್ನು ಯಾರಾದರೂ ಏನೆಂದುಕೊಂಡಾರು? ಕಿಟಕಿಯ ಹೊರಗೆ ಭತ್ತದ ಗದ್ದೆಗಳು ಓಡುತ್ತಿದ್ದವು, ಬೆಲ್ಟಿನ ಹಾಗೆ, ಒಂದೂ ಎತ್ತಿ ಪಕ್ಕಕ್ಕಿಡುವಂತಿರಲಿಲ್ಲ. ಅಪ್ಪ ಸತ್ತಾಗ ಮನೆಗೆ ಬಂದವರಲ್ಲಿ ಒಬ್ಬ, ಅಳುವವರ ನಡುವೆ ನಿಂತು, ‘ಅಂಗಿ ಅಳತೆ ಕೊಟ್ಟಿದ್ರು, ಹೊಲಿದು ಇಟ್ಟಿವ್ನಿ’ ಎಂದಿದ್ದ. ಅವನು ಟೈಲರು. ಅವತ್ತು ಅವನ ಮೇಲೆ ಎಷ್ಟು ಸಿಟ್ಟು ಬಂದಿತ್ತು. ಈಗ ಅವನ ಕಷ್ಟ ಅರ್ಥವಾಯಿತು.

ಮನೆ ಪೋಸ್ಟಾಫೀಸಿನ ಹಿಂದಿನ ಬೀದಿಯಲ್ಲಿತ್ತು. ಬಾಗಿಲು ತೆರೆದದ್ದು ಅರವತ್ತರ ಹತ್ತಿರದ ಒಬ್ಬ ಹೆಂಗಸು, ಕೈಯೆಲ್ಲ ಅಕ್ಕಿ ಹಿಟ್ಟು.

“ರಘು ಅವರ ಮನೆ...”

“ಇದೇಯ. ನಾನು ಅವನ ತಾಯಿ, ವನಜಾಕ್ಷಿ. ನೀವ್ಯಾರು?”

ಅವನು ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಾಲಿತ್ತು, ಕಾಲಿನ ಪಕ್ಕ ನೆರಳೂ ಇತ್ತು. ಕಣ್ಣು ತುಂಬಿ ಬಂತು. “ನಿಮ್ಮನ್ನ ನೋಡಿ ಬಾಳಾ ಸಂತೋಷ ಆಯ್ತು ಅಮ್ಮ” ಎಂದು ಬಾಳೆಹಣ್ಣನ್ನು ಎರಡೂ ಕೈಯಿಂದ ಮುಂದಕ್ಕೆ ಚಾಚಿದ. ಆಕೆ ಹಿಟ್ಟಿನ ಕೈಯಲ್ಲೇ ತೆಗೆದುಕೊಂಡು, ಒಳಕ್ಕೆ ತಿರುಗಿ, “ಯಾರೋ ಎಣ್ಣಿನ ಕಡೆಯೋರು ಬಂದವ್ರೆ ಕಣೋ ರಘು, ಷರ್ಟ್ ಆಕ್ಕೊ” ಎಂದಳು.

ಈ ತಪ್ಪನ್ನು ತಿದ್ದುವುದಕ್ಕೇ ಕಾಲು ಗಂಟೆ ಹಿಡಿಯಿತು. ಹೆಣ್ಣಿನ ಕಡೆಯವನಲ್ಲ, ಜವರಮ್ಮನ ಮಗ ಎಂದು ತಿಳಿದ ಕೂಡಲೇ ರಘು ಎಂಬ ಆ ಹುಡುಗ ಎದ್ದು ನಿಂತ. ಹುಡುಗನೇನಲ್ಲ, ಮೂವತ್ತು ದಾಟಿದವನು. ಗಡ್ಡ, ಒಳಗಿಳಿದ ಕಣ್ಣು, ಅವಸರದಲ್ಲಿ ಹಾಕಿಕೊಂಡ ಷರ್ಟಿನ ಗುಂಡಿ ಒಂದು ಮನೆ ತಪ್ಪಿತ್ತು. “ಜವರಮ್ಮೋರು ಚೆನ್ನಾಗವ್ರಾ ಸಾ?” ಎಂದು ಕೇಳಿದ, ದಿನಾ ನೋಡುವವರ ವಿಚಾರ ಕೇಳುವ ಹಾಗೆ. ಸತ್ತದ್ದು ಯಾರು ಎಂದು ಬೆಟ್ಟಸ್ವಾಮಿ ಮೆಲ್ಲಗೆ ವಿಚಾರಿಸಿದ. ಉತ್ತರ ಕೊಟ್ಟದ್ದು ವನಜಾಕ್ಷಿ: “ನಮ್ಮ ಯಜಮಾನ್ರ ಚಿಕ್ಕಪ್ಪ ಒಬ್ರು, ಕೆಂಪಯ್ಯ ಅಂತ, ಸೋಮನಾಥಪುರದಲ್ಲಿದ್ರು. ತೊಂಬತ್ತಾರು ವರ್ಷ. ಇವನು ಮುಖಾನೂ ನೋಡಿರ್ನಿಲ್ಲ. ಸೂತಕ ಅಂತ ಕಂಪ್ಯೂಟರ್ ಮುಟ್ಟಕ್ಕೆ ನಾನೇ ಬುಡ್ನಿಲ್ಲ.” ಉಪ್ಪಿಟ್ಟಿನ ತಟ್ಟೆ ಇಡುತ್ತ ಆಕೆ ಮುಂದುವರಿಸಿದಳು. “ಅಲ್ಲಾ, ನೀವೂ ದುಡ್ಡು ಕೊಟ್ಟೋರೇ, ಎಷ್ಟು ಮರ್ಯಾದೆಯಿಂದ ಹಣ್ಣು ತಕ್ಕಂಡು ಬಂದಿದ್ದೀರ. ಅದ್ಯಾವನೋ ಕಪಿಲಾತೀರ ಅನ್ನೋನು ಅವ್ನೆ. ನಿಂಗೆ ತಾಯಿ ಇಲ್ವಾ ಅಂತ ಬರ್ದವ್ನೆ. ನನ್ ಕೈಗೆ ಸಿಕ್ಕಿದ್ರೆ ತೋರಿಸ್ತಿದ್ದೆ, ಇವಳೇ ಕಣಪ್ಪಾ ತಾಯಿ ಅಂತ.”

ಬೆಟ್ಟಸ್ವಾಮಿ ಉಪ್ಪಿಟ್ಟಿನ ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸಿದ. “ಎಂಥೆಂಥವ್ರು ಇರ್ತಾರೆ ಅಮ್ಮ” ಎಂದ.

“ಸಂಸ್ಕಾರ ಇಲ್ದೋನು.”

“ಹೂಂ. ಇಲ್ದೋನು.”

ರಘು ನೆಲ ನೋಡುತ್ತಿದ್ದ. “ಹಂಗನ್ಬೇಡಮ್ಮ” ಎಂದ. “ನಾನೂರು ಜನ ಇದ್ರು ಸಾ ಮೊದ್ಲು. ಈಗ ಯಾರೂ ಒಂದು ಮಾತು ಬರೆಯಲ್ಲ. ಬೈಯೋದೂ ಇಲ್ಲ. ನನ್ ಜೊತೆ ಇದ್ದ ಇಬ್ರೂ ಬಿಟ್ಟೋಗಿ ಎರಡು ವರ್ಷ ಆಯ್ತು, ‘ನಾವು’ ಅಂತ ಬರೆಯೋದು ಅಭ್ಯಾಸಕ್ಕೆ. ಆ ಕಪಿಲಾತೀರ ಒಬ್ಬ ಮಾತ್ರ ಪ್ರತಿ ಸಲ ಓದ್ತಾನೆ. ಅವನು ಏನಂತಾನೋ ಅಂತಾನೇ ಅಪ್‌ಡೇಟ್ ಬರೆಯೋದು ನಾನು.” ಬೆಟ್ಟಸ್ವಾಮಿಗೆ ಬೈಸಿಕೊಂಡದ್ದಕ್ಕಿಂತ ಇದು ಹೆಚ್ಚು ನಾಚಿಕೆ ತಂದಿತು. ಹೊಗಳಿಸಿಕೊಂಡ ಹಾಗೂ ಆಗಿ ಕಿವಿ ಬಿಸಿಯಾಯಿತು. ನಾನೇ ಅದು ಎಂದು ಹೇಳಲು ಬಾಯಿ ತೆರೆದ. ವನಜಾಕ್ಷಿ ಅದನ್ನು ನೋಡಿ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಬಡಿಸಿದಳು.

ಒಳಗಿನ ಕೋಣೆಯಲ್ಲಿ ರಘು ಆಟ ತೋರಿಸಿದ. ಹೊಳೆ ನಿಜಕ್ಕೂ ಹೊಳೆಯ ಹಾಗೇ ಇತ್ತು. ಹುಟ್ಟಿನ ನೆರಳು ಹುಟ್ಟಿನ ಜೊತೆಗೇ ಅಲುಗುತ್ತಿತ್ತು. ದಡದ ಮೇಲಿನಿಂದ ಮುದುಕಿಯೊಬ್ಬಳು ಸೆರಗು ಸಿಕ್ಕಿಸಿಕೊಂಡು ಇಳಿದು ಬಂದಳು. ಅವ್ವ. ಅವ್ವನ ಮೂಗು, ಅವ್ವನ ಹಲ್ಲು. ಹರಿಗೋಲಿನ ಹತ್ತಿರ ಬಂದು, ಒಳಗೆ ಕಾಲಿಟ್ಟು, ಕೂರಲು ಮಂಡಿ ಬಗ್ಗಿಸಿದಳು. ಬಗ್ಗಿಸಿದ ಕೂಡಲೇ ಹರಿಗೋಲಿನ ತಳ ತೂರಿ, ನೀರು ತೂರಿ, ಸೊಂಟದವರೆಗೆ ನೆಲದೊಳಗೆ ಇಳಿದುಹೋದಳು. ಒಂದು ಗಳಿಗೆ ಹಾಗೇ ಇದ್ದು, ಏನೂ ಆಗದವಳಂತೆ ಮೇಲೆದ್ದು, ದಡಕ್ಕೆ ಹೋಗಿ, ಮತ್ತೆ ಇಳಿದು ಬಂದಳು. “ಮೊದಲನೇ ಪ್ರಯಾಣಿಕರು ಇವರೇ ಸಾ” ಎಂದ ರಘು. “ಇವರು ಕೂತರೆ ಹರಿಗೋಲು ಹೊರಡ್ತದೆ. ಹರಿಗೋಲು ಹೊರಟರೆ ಆಟ ಮುಂದಕ್ಕೋಯ್ತದೆ. ಎರಡು ವರ್ಷದಿಂದ ಇವರನ್ನ ಕೂರಿಸಕ್ಕೇ ನೋಡ್ತಾ ಇದ್ದೀನಿ. ನಿಂತ್ಕೊಂಡು ಹೋಗ್ಲಿ ಅಂದ್ರೆ ಮನಸ್ಸು ಬರಲ್ಲ, ವಯಸ್ಸಾದೋರು. ಅದಾಗಲ್ಲ ಅಂತ ಬೇಜಾರಾದಾಗ ನೆರಳು ತಿದ್ದೋದು.” ಆಮೇಲೆ ತುಂಬ ವಿನಯದಿಂದ ಕೇಳಿದ: “ನಿಮ್ಮ ತಾಯಿ ಕೂರೋವಾಗ ಮೊದ್ಲು ಯಾವ ಕೈ ಊರ್ತಾರೆ ಸಾ?”

ಬೆಟ್ಟಸ್ವಾಮಿಗೆ ಗೊತ್ತಿರಲಿಲ್ಲ. ನಲವತ್ತೊಂದು ವರ್ಷ ಒಂದೇ ಸೂರಿನ ಕೆಳಗೆ ಇದ್ದ ಹೆಂಗಸು. ಅವಳು ನಿಂತದ್ದು ನೆನಪಿತ್ತು, ಒಲೆಯ ಮುಂದೆ, ನಲ್ಲಿಯ ಮುಂದೆ, ಹೆಮ್ಮರಗಾಲದಿಂದ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು, ಕೂತಿದ್ದದ್ದೂ ನೆನಪಿತ್ತು. ನಿಂತವಳು ಕೂತವಳಾಗುವ ಆ ನಡುವಿನ ಗಳಿಗೆಯನ್ನು ಮಾತ್ರ ಅವನು ಒಮ್ಮೆಯೂ ನೋಡಿರಲಿಲ್ಲ. ಸೀಸೆಗಳನ್ನು ನೋಡಿದ್ದ. “ಎಡಗೈ” ಎಂದ, ಊಹೆಯ ಮೇಲೆ. ಒಂದ್ಸಲ ತೋರಿಸ್ತೀರಾ ಎಂದು ರಘು ಕ್ಯಾಮೆರಾ ಹಿಡಿದ. ಬೆಟ್ಟಸ್ವಾಮಿ ಪ್ಯಾಂಟನ್ನು ಮೇಲಕ್ಕೆಳೆದುಕೊಂಡು, ಮುದುಕಿಯಾಗಿ, ಎಡಗೈ ಊರಿ ಕೂತ. ಮತ್ತೊಂದು ಸಲ, ಪಕ್ಕದಿಂದ. ಮತ್ತೊಂದು ಸಲ, ಹಿಂದಿನಿಂದ. ವನಜಾಕ್ಷಿ ಬಾಗಿಲಲ್ಲಿ ನಿಂತು ನೋಡಿ, “ಅಯ್ಯೋ, ಅದು ಗಂಡಸ್ರು ಮುದುಕಿ ವೇಷ ಆಕ್ಕಂಡು ಕೂರೋದು. ಹೆಂಗಸ್ರು ಮೊದ್ಲು ಸೀರೆ ನೆರಿಗೆ ಇಡ್ಕತಾರೆ, ಆಮ್ಯಾಕೆ ಮಂಡಿ” ಎಂದು ತಾನೇ ಕೂತು ತೋರಿಸಿದಳು. ಒಂದು ಟವೆಲು ಕೊಟ್ಟು ಸೊಂಟಕ್ಕೆ ಸುತ್ತಿಕೊಳ್ಳಲು ಹೇಳಿದಳು. ಟಿ. ನರಸೀಪುರದ ಆ ಮನೆಯಲ್ಲಿ, ಭಾನುವಾರ ಮಧ್ಯಾಹ್ನ, ಟವೆಲಿನ ನೆರಿಗೆ ಹಿಡಿದು ಅವನು ನಲವತ್ತಕ್ಕೂ ಹೆಚ್ಚು ಸಲ ಅವ್ವನಾಗಿ ಕೂತ, ಎದ್ದ. ಮಂಡಿ ಉರಿಯುತ್ತಿತ್ತು. ಒಂದು ಸಲ, ಮೂವತ್ತನೆಯದೋ ಏನೋ, ಕೂರುವಾಗ ತಾನಾಗಿ ಬಾಯಿಂದ ‘ಶಿವನೇ’ ಎಂದು ಬಂತು. ಅದು ಅವ್ವನದೇ ಧ್ವನಿ. ಕಣ್ಣೆತ್ತಿದರೆ ರಘು ಹಲ್ಲು ಕಾಣುವ ಹಾಗೆ ನಗುತ್ತಿದ್ದ. “ಇದು ಸಾ. ಇದೇ.”

ಹೊರಡುವಾಗ ರಘು, ಯಾರಿಗೂ ತೋರಿಸಬೇಡಿ ಎಂದು ಕೈಮುಗಿದು, ಅರೆಬರೆ ಆಟವನ್ನು ಅವನ ಫೋನಿಗೆ ಹಾಕಿಕೊಟ್ಟ. ಬೆಟ್ಟಸ್ವಾಮಿ ಮನೆಗೆ ಬಂದವನೇ ತೋರಿಸಿದ. ಅವ್ವ ಕೆನ್ನೆಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಂಡು ಗೋಡೆಗೊರಗಿದ್ದಳು. ಕನ್ನಡಕ ಏರಿಸಿ, ಫೋನನ್ನು ಕೈಯಳತೆಯಲ್ಲಿ ಹಿಡಿದು, ಇಳಿದು ಬರುತ್ತಿರುವ ಮುದುಕಿಯನ್ನು ನೋಡಿದಳು. ಅವಳ ಮುಖ ಬಿಗಿಯಿತು.

“ಲೇ, ಇದು ನಮ್ಮತ್ತೆ ಅಲ್ವಾ?”

“ನೀನು ಕಣವ್ವ.”

“ನಾನ್ಯಾಕಾಯ್ತೀನಿ? ಆ ನಡಿಗೆ ನೋಡ್ಲಾ. ಆ ಮೂತಿ ನೋಡು. ನಿಮ್ಮಜ್ಜಿ ಇವ್ಳು. ಇವ್ಳನ್ಯಾಕ್ ಆಕವ್ರೆ ಇದ್ರೊಳಕ್ಕೆ?”

ತನ್ನನ್ನು ತಾನು ನಡೆಯುವಾಗ ನೋಡಿದವರು ಯಾರಿದ್ದಾರೆ? ಅವ್ವ ಜನ್ಮದಲ್ಲಿ ಕಣ್ಣಿಟ್ಟು ನೋಡಿದ ಮುದುಕಿ ಎಂದರೆ ಒಬ್ಬಳೇ. ಅವನಿಗೆ ಅಜ್ಜಿ ಎಂದರೆ ಮಡಿಲಿನಿಂದ ಬೆಲ್ಲ ತೆಗೆದುಕೊಡುವ ಕೈ, ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೇಲೆ ಕೂತ ಆಕೃತಿ. ಅವ್ವನ ಪಾಲಿಗೆ ಆ ಅಜ್ಜಿ ಬೇರೆ ಎಂದು ಅವನಿಗೆ ಗೊತ್ತಿತ್ತು, ಎಷ್ಟು ಬೇರೆ ಎಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲಿನ ಮುದುಕಿ ಮಂಡಿ ಬಗ್ಗಿಸಿ ಸೊಂಟದವರೆಗೆ ಇಳಿದುಹೋದಳು. ಅವ್ವ ಉಪ್ಪಿನ ಗಂಟನ್ನು ಕೆಳಗಿಟ್ಟಳು. ಮುದುಕಿ ಎದ್ದು, ಹೋಗಿ, ಬಂದು, ಮತ್ತೆ ಇಳಿದಳು. “ಕೂರಕ್ಕಾಗ್ನಿಲ್ಲ ಅವ್ಳಿಗೆ” ಎಂದಳು ಅವ್ವ, ಮೆಲ್ಲಗೆ, ನಂಬಲಾರದೆ. “ಇಪ್ಪತ್ತೆರಡು ವರ್ಸ ನನ್ನ ಕೂರಕ್ಕೆ ಬುಡ್ನಿಲ್ಲ ಇವ್ಳು. ನಾನು ಬಾಣಂತಿ ಕಣ್ಲಾ, ನೀನು ಉಟ್ಟಿ ಒಂಬತ್ತು ದಿನ, ಒಂದು ಗಳಿಗೆ ಕುಂತಿದ್ದೆ ಅಂತ ಚೊಂಬು ತಕ್ಕಂಡು ಎಸ್ದಿದ್ಲು. ಕೂರು ಈಗ. ಕೂರು ನೋಡಾನ.” ಆಮೇಲೆ ನಗತೊಡಗಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಬಾಯಿ ಪೂರ್ತಿ ತೆರೆದು, ಹಲ್ಲು ಅಲ್ಲಾಡಿ ನೋವಾಗಿ, ನೋವಿಗೆ ಅಯ್ಯೋ ಎಂದು, ಮತ್ತೆ ನಕ್ಕು. ಚೈತ್ರ ಅಡಿಗೆ ಮನೆಯಿಂದ ಓಡಿ ಬಂದಳು. “ಆ ಉಡುಗ್ನಿಗೆ ಏಳ್ಬುಡು ಮಗ” ಎಂದಳು ಅವ್ವ, ಕಣ್ಣೊರೆಸಿಕೊಂಡು. “ಇವ್ಳಿರೋ ಕಡೆ ನಾನಿರಾಕಿಲ್ಲ. ನನ್ ಎಸ್ರು ತಗುದ್ಬುಡ್ಲಿ.” ಮಾರನೆಯ ದಿನ ಸೊಸೆಯ ಜೊತೆ ತಾನಾಗಿ ಹೋಗಿ ಹಲ್ಲು ಕೀಳಿಸಿಕೊಂಡು ಬಂದಳು.

ಅಂದಿನಿಂದ ದೀಪ ಹಚ್ಚಿದ ಮೇಲೆ ಅವ್ವ ಕೈ ಚಾಚುವಳು, ಬೆಟ್ಟಸ್ವಾಮಿ ಫೋನು ಕೊಡುವನು. ಮುದುಕಿ ಇಪ್ಪತ್ತು ಸಲ ಇಳಿದು ಎದ್ದ ಮೇಲೆ ಅವ್ವ ಊಟಕ್ಕೇಳುವಳು. ಮುದ್ದೆ ಇಳಿಯುತ್ತಿತ್ತು, ಕೆನ್ನೆ ತಗ್ಗಿತ್ತು. ಮೂರನೆಯ ವಾರ ನಲವತ್ತನೆಯ ಅಪ್‌ಡೇಟು ಬಂತು. ‘ಒಬ್ಬ ಬೆಂಬಲಿಗರ ನೆರವಿನಿಂದ ನಮ್ಮ ಮೊದಲ ಪ್ರಯಾಣಿಕರು ಕೂತರು. ಹರಿಗೋಲು ಹೊರಟಿದೆ.’ ಸತ್ತೇ ಹೋದರು ಎಂದುಕೊಂಡಿದ್ದ ಬೆಂಬಲಿಗರು ಎಲ್ಲೆಲ್ಲಿಂದಲೋ ಎದ್ದು ಬಂದು ಚಪ್ಪಾಳೆ ತಟ್ಟಿದ್ದರು. ಯಾರೋ ಒಬ್ಬ, ‘ಕಪಿಲಾತೀರ ಅವರೇ, ಈಗ ಸಮಾಧಾನವಾಯಿತೇ?’ ಎಂದು ಕೇಳಿದ್ದ. ಫೋನಿನ ಮೇಲೆ ಒಂದು ಚೌಕ ಮೂಡಿ, ಆಟದ ಹೊಸ ರೂಪವನ್ನು ಹಾಕಿಕೊಳ್ಳಲೇ ಎಂದು ಕೇಳಿತು. ನಾಲ್ಕು ವರ್ಷ ಇದಕ್ಕಾಗಿ ಹಗಲುಗಳನ್ನು ಹಾಳುಮಾಡಿಕೊಂಡವನು ಸುತ್ತ ನೋಡಿ, ಕಳ್ಳನ ಹಾಗೆ, ‘ಈಗ ಬೇಡ’ ಎಂಬುದನ್ನು ಒತ್ತಿದ. ಮರುದಿನವೂ ಒತ್ತಿದ. ರಘು ಫೋನು ಮಾಡಿದ: “ಜವರಮ್ಮೋರು ನೋಡಿದ್ರಾ ಸಾ? ಏನಂದ್ರು?” ಇವನು ನೆಟ್‌ವರ್ಕು ಸರಿಯಿಲ್ಲ ಎಂದ, ಆಮೇಲೆ ಚಾರ್ಜರು ಕೆಟ್ಟಿದೆ ಎಂದ, ಆಮೇಲೆ ಮನೆಯಲ್ಲಿ ನೆಂಟರಿದ್ದಾರೆ ಎಂದ. ಪ್ರತಿ ಸಲವೂ ಆ ಕಡೆಯಿಂದ “ಪರವಾಗಿಲ್ಲ ಸಾ, ನಿಧಾನಕ್ಕೆ ನೋಡ್ಲಿ” ಎಂಬ ಮಾತು ಬರುತ್ತಿತ್ತು. 

ಆ ಅಪ್‌ಡೇಟು ಬಂದ ಎಂಟನೆಯ ಸಂಜೆ ಅವ್ವ ಫೋನು ತೆಗೆದುಕೊಂಡು ನೋಡುತ್ತ ಕೂತವಳು, ಆರೋ ಏಳೋ ಸಲಕ್ಕೆ ಕನ್ನಡಕ ತೆಗೆದಳು. ತನ್ನ ಮಂಡಿಯನ್ನು ನೀವಿಕೊಂಡಳು.

“ಸಾಕು ಕಣ್ಲಾ. ನೋಡಿ ನೋಡಿ ನನ್ ಮಂಡೀನೇ ನೋಯ್ತದೆ. ಆ ಉಡುಗ್ನಿಗೆ ಏಳು, ಕೂರುಸ್ಬುಡ್ಲಿ ಅತ್ಲಾಗೆ.”

“ಕೂರ್ಸದಾ ಅವ್ವ?”

“ಊಂ. ಎಷ್ಟೊತ್ತು ನಿಂತಿದ್ದಾಳು ಮುದ್ಕಿ.”

ಅವನು ಫೋನು ಇಸಿದುಕೊಂಡು ಈ ಸಲ ‘ಹಾಕಿಕೊ’ ಎಂಬುದನ್ನು ಒತ್ತಿದ. ಒಂದು ಸಣ್ಣ ವೃತ್ತ ತಿರುಗತೊಡಗಿತು. ಚೈತ್ರಳೂ ಬಂದು ಪಕ್ಕ ಕೂತಳು. ತಿರುಗಿತು, ನಿಂತಿತು, ತಿರುಗಿತು. ಮೂವರೂ ಅದನ್ನೇ ನೋಡುತ್ತಿದ್ದರು. ಕೊನೆಗೆ ಹೊಳೆ ಬಂತು, ದಡ ಬಂತು, ಮುದುಕಿ ಇಳಿದು ಬಂದಳು. ಹರಿಗೋಲಿನೊಳಗೆ ಕಾಲಿಟ್ಟು, ಸೀರೆಯ ನೆರಿಗೆ ಹಿಡಿದು, ಎಡಗೈ ಊರಿ, ಮಂಡಿ ಬಗ್ಗಿಸಿ ಕೂತಳು. ಕೂತೇಬಿಟ್ಟಳು. ಹುಟ್ಟು ನೀರಿಗಿಳಿಯಿತು, ಹರಿಗೋಲು ಒಮ್ಮೆ ಗಿರಕಿ ಹೊಡೆದು ದಡ ಬಿಟ್ಟು ಹೊರಟಿತು. ಹತ್ತು ಮಾರು ಹೋಗಿರಬಹುದು. ನಡುನೀರಿನಲ್ಲಿ ಟಕ್ಕನೆ ನಿಂತುಬಿಟ್ಟಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಇಲ್ಲಿಂದಾಚೆಗೆ ಹೊಳೆ ಇನ್ನೂ ಆಗಿಲ್ಲ.’

ಬೆಟ್ಟಸ್ವಾಮಿಯ ಹೆಬ್ಬೆರಳು ತಾನಾಗಿ ಅಪ್‌ಡೇಟಿನ ಕೆಳಗಿನ ಜಾಗದ ಕಡೆಗೆ ಹೋಯಿತು. ಅವ್ವ ಅವನ ಕೈಯಿಂದ ಫೋನು ತೆಗೆದುಕೊಂಡು, ತನ್ನ ಮಡಿಲಲ್ಲಿ, ಅಲುಗದ ಹಾಗೆ ಇಟ್ಟುಕೊಂಡಳು.

“ಇರ್ಲಿ ಬುಡ್ಲಾ” ಎಂದಳು. “ಕುಂತವ್ಳಲ್ಲಾ.”